‘ಕಾಂಬ’ ಅಂದರೆ

ಕುಂದಾಪುರದ ಹತ್ತಿರದ ಗೇರುಬೀಜ ಕಾರ್ಖಾನೆಗೆ ನೆದರ್‌ಲ್ಯಾಂಡ್ಸಿನಿಂದ ಹೊಸ ಮ್ಯಾನೇಜರ್ ಬಂದಾಗ, ಕಾಲೇಜಿನ ಇಂಗ್ಲಿಷ್ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳನ್ನು ನೋಡಿ ನನ್ನನ್ನು ದುಭಾಷಿಯಾಗಿ ಇಟ್ಟುಕೊಂಡರು.

"ನಮ್ಮಲ್ಲಿ ಕೆಲಸದವರು ಮೇಲಿನವರ ಮುಖಕ್ಕೇ ‘ನೀವು ತಪ್ಪು’ ಅನ್ನುತ್ತಾರೆ. ಇಲ್ಲೂ ಅನ್ನಲಿ," ಎಂದರು ಅವರು. ನನ್ನ ವಾದವೂ ಅದೇ. ಮನೆಯಲ್ಲಿ ಅದನ್ನು ಎದುರುತ್ತರ ಎನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮೊದಲ ಸಭೆ. ಬೀಜದ ಸಿಪ್ಪೆ ಬಿಡಿಸುವ ಹೆಂಗಸರು ಎದುರುಬದುರು ಕೂರುವುದನ್ನು ಬಿಟ್ಟು, ಒಬ್ಬೊಬ್ಬರೇ ಗೋಡೆಯ ಕಡೆ ಮುಖ ಮಾಡಿ ಕೂರಬೇಕು ಎಂಬುದು ಮ್ಯಾನೇಜರರ ಯೋಜನೆ. ಆಕ್ಷೇಪ ಇದ್ದರೆ ಈಗಲೇ ಹೇಳಿ ಎಂದರು. ಹದಿನೆಂಟು ವರ್ಷದಿಂದ ಆ ವಿಭಾಗ ನೋಡಿಕೊಳ್ಳುತ್ತಿದ್ದ ಅಕ್ಕ ಎದ್ದು, "ಕಾಂಬ" ಎಂದರು.

‘ನೋಡೋಣ’ ಎಂದು ಅನುವಾದಿಸಿದೆ. ನಿಘಂಟಿನ ಪ್ರಕಾರ ನಾನು ನಿರ್ದೋಷಿ. ಮ್ಯಾನೇಜರ್ ‘ಒಪ್ಪಿಗೆ’ ಎಂದು ಬರೆದುಕೊಂಡರು.

ಮರುದಿನ ಗೋಡೆಯುದ್ದಕ್ಕೂ ಸರಿಸಿಟ್ಟಿದ್ದ ಬೆಂಚು ಖಾಲಿ. ಹೆಂಗಸರೆಲ್ಲ ನಡುವೆ ನೆಲದ ಮೇಲೆ ಎದುರುಬದುರು ಕೂತು ಬೀಜ ಬಿಡಿಸುತ್ತಿದ್ದರು.

"ನಿನ್ನೆ ಒಪ್ಪಿದಿರಲ್ಲ?" ಎಂದು ಮ್ಯಾನೇಜರ್ ನನ್ನಿಂದ ಕೇಳಿಸಿದರು.

"ಒಪ್ದದ್ ಯಾರ್? ಕಾಂಬ ಅಂದಿದ್ದೆ. ಕಂಡಾಯ್ತ್," ಎಂದರು ಅಕ್ಕ.

ಮಾತಿಗೆ ತಪ್ಪುವವರು ವಿಭಾಗ ನೋಡಿಕೊಳ್ಳುವುದು ಬೇಡ, ಸಂಜೆಯೊಳಗೆ ಬೇರೆಯವರನ್ನು ಹಾಕುತ್ತೇನೆ ಎಂದರು ಮ್ಯಾನೇಜರ್. ನಾನು ಅಕ್ಕನ ಹತ್ತಿರ ಓಡಿ, ನೇರವಾಗಿ ಇಲ್ಲ ಅನ್ನಬಾರದಿತ್ತೇ ಎಂದು ವಾದಕ್ಕೆ ನಿಂತೆ.

"ಅಷ್ಟ್ ಜನರ ಎದ್ರಿಗೆ ‘ಆತಿಲ್ಲೆ’ ಅಂದ್ರೆ ಅವ್ರ ಮರ್ಯಾದಿ ಎಂತ ಆಪುದ್ ಮಗಾ? ನಿಮ್ಮನಿಯಂಗೆ ಯಾರೂ ಕಾಂಬ ಅಂಬುದಿಲ್ಯಾ?"

ನಮ್ಮ ಮನೆಯಲ್ಲೂ ಅನ್ನುತ್ತಿದ್ದರು. ನಾನು ಬೈಕ್ ಕೇಳಿದಾಗಿನಿಂದ ಅಮ್ಮ ‘ಕಾಂಬ’ ಅನ್ನುತ್ತಲೇ ಇದ್ದಾರೆ. ಬೈಕ್ ಇಲ್ಲ. ನನಗೆ ಅರ್ಥ ಗೊತ್ತಿತ್ತು.

ಮ್ಯಾನೇಜರ್ ಎದುರು ನಿಂತೆ. ಮುಖಕ್ಕೇ ಹೇಳುವ ಪದ್ಧತಿಯ ಏಕೈಕ ಅನುಯಾಯಿ ನಾನು. "ಅವರು ಬೇಡ ಅಂದಿದ್ದರು. ನಾನು ತಪ್ಪು ಹೇಳಿದೆ. ಎಲ್ಲರ ಎದುರು ಕೇಳಿದ್ದು ನಿಮ್ಮ ತಪ್ಪು."

ಅವರು ತಮ್ಮ ಪುಸ್ತಕ ತೆರೆದು ‘ಒಪ್ಪಿಗೆ’ ಎಂಬುದನ್ನು ಹೊಡೆದುಹಾಕಿದರು. ಮೆಚ್ಚಿದಂತೆ ಕಾಣಲಿಲ್ಲ.

ಚಹಾದ ಹೊತ್ತಿಗೆ ನನ್ನೊಬ್ಬನನ್ನೇ ಕರೆದುಕೊಂಡು ಅಕ್ಕನ ಪಕ್ಕ ಬಂದು ನಿಂತರು. ವಿಭಾಗ ನಿಮ್ಮದೇ, ಬೆಂಚು ಮೊದಲಿನಂತೆಯೇ ಇರಲಿ, ಮುಂದೆ ಸಭೆಯಲ್ಲಿ ಕೇಳುವುದಿಲ್ಲ ಎಂದರು. "ಆದರೆ ನೀವೂ ಇನ್ನುಮುಂದೆ ನೇರವಾಗಿ ಹೇಳುತ್ತೀರಾ?"

ಅಕ್ಕ ಲೋಟ ಕೆಳಗಿಟ್ಟರು. "ಕಾಂಬ."

‘ಇಲ್ಲ’ ಎಂದು ಅನುವಾದಿಸಿದೆ.