ಗುಲ್ಷನ್ ಕಿವಿ

ಗುಲ್ಷನ್‌ಗೆ ಎಂಟು ವರ್ಷದ ಕೂಲಿ ಬಾಕಿ ಇದೆ. ಕೊಡಬೇಕಾದವರು ಗಿರಾಕಿಗಳಾದ ನಾವು.

ಶಿವಾಜಿನಗರದಲ್ಲಿ ಅವಳ ಗಂಡ ಇನಾಯತ್ ಹಳೇ ಕಾರುಗಳನ್ನು ರಿಪೇರಿ ಮಾಡುತ್ತಾನೆ. ಉದ್ದನೆಯ ಸ್ಕ್ರೂಡ್ರೈವರನ್ನು ಗಾಡಿಯ ಮೈಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ರೋಗ ಹೇಳುತ್ತಿದ್ದ. ಎಂಟು ವರ್ಷದ ಹಿಂದೆ ಅವನಿಗೆ ಸಣ್ಣ ಸದ್ದು ಕೇಳಿಸದಂತಾಯಿತು. ಗೊತ್ತಾದರೆ ಗಿರಾಕಿ ಬರಲ್ಲ ಅಂತ ಇಬ್ಬರೂ ಮುಚ್ಚಿಟ್ಟರು. ಗುಲ್ಷನ್ ಟೀ ತರುವ ನೆಪದಲ್ಲಿ ಬಂದು ತಾನೇ ಕಿವಿಯಿಡುವಳು. ಅವನ ಬೆನ್ನಿಗೆ ಒಂದು ಸಲ ತಟ್ಟಿದರೆ ಗೇರ್‌ಬಾಕ್ಸು, ಎರಡು ಸಲ ತಟ್ಟಿದರೆ ಚಕ್ರ.

ಹೋದ ವಾರ ಲಿಂಗರಾಜಪುರದ ಈರಯ್ಯ ತನ್ನ ಹಳೇ ಸ್ಟೇಷನ್ ವ್ಯಾಗನ್ ತಂದ. ಓಡುವಾಗ ಗೊರಗೊರ ಅನ್ನುತ್ತಿತ್ತು.

“ಗೇರ್‌ಬಾಕ್ಸೇ ಭಾಯ್, ಬಿಚ್ಚಿಬಿಡಿ,” ಎಂದ.

ಇನಾಯತ್ ಗಾಡಿಯನ್ನು ಜಾಕ್ ಮೇಲೆತ್ತಿ ಚಕ್ರ ತಿರುಗಿಸಿದ. ಗುಲ್ಷನ್ ಟೀ ಲೋಟ ಇಟ್ಟು, ಕಿವಿಯಿಡಲು ಬಗ್ಗಿದಳು.

“ಅಕ್ಕಾ, ನೀವು ಆಚೆ ನಿಲ್ಲಿ. ಇದು ಗಂಡಸರ ಕೆಲಸ,” ಎಂದ ಈರಯ್ಯ.

ಅವಳು ಹಿಂದೆ ಸರಿದಳು. ಇನಾಯತ್ ಸ್ಪ್ಯಾನರ್ ಕೆಳಗಿಟ್ಟ.

“ಸಾರ್, ನಂಗೆ ಸರಿಯಾಗಿ ಕೇಳಿಸಲ್ಲ. ಎಂಟು ವರ್ಷದಿಂದ ನಿಮ್ಮ ಗಾಡಿ ಕಾಯಿಲೆ ಹೇಳ್ತಿರೋಳು ಇವಳೇ.”

ಈರಯ್ಯ ಗಾಡಿಯಿಂದ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

“ಮನೇಲಿ ನಾನು ಕರೆದ್ರೆ ಇವರು ಮದುವೆಯಾದಾಗಿಂದ್ಲೂ ಕಿವುಡರೇ,” ಎಂದು ಗುಲ್ಷನ್ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಒಂದು ನಿಮಿಷ ಕಿವಿಯಿಟ್ಟು, “ಮುಂದಿನ ಎಡಚಕ್ರದ ಬೇರಿಂಗು. ಗೇರ್‌ಬಾಕ್ಸ್ ಮುಟ್ಬೇಡಿ,” ಎಂದಳು.

ಬಿಚ್ಚಿ ನೋಡಿದರೆ ಬೇರಿಂಗೇ ಸವೆದಿತ್ತು. ಈರಯ್ಯ ಕೂಲಿಯನ್ನು ಆಗಲೂ ಇನಾಯತ್‌ಗೇ ಚಾಚಿದ. ಇನಾಯತ್ ಕೈ ಹಿಂದಕ್ಕೆ ಕಟ್ಟಿಕೊಂಡು ಹೆಂಡತಿಯ ಕಡೆ ತಲೆಯಾಡಿಸಿದ.

ನಿಮ್ಮ ಗಾಡಿಯೂ ಒಂದು ದಿನ ಗೊರಗುಟ್ಟುತ್ತದೆ. ಅಲ್ಲಿಗೆ ಹೋಗಿ, ಗುಲ್ಷನ್ ಇದ್ದಾಳಾ ಅಂತ ಮೊದಲು ಕೇಳಿ. ಕೂಲಿಯನ್ನು ಅವಳ ಕೈಗೇ ಕೊಡಿ.