ಬಲಗಡೆಯ ಸದ್ದು

ಪ್ರತಿ ಶುಕ್ರವಾರ ಬೆಳಿಗ್ಗೆ, ಹೊಸ ಸಿನಿಮಾದ ಮೊದಲ ಆಟಕ್ಕೆ ಮುಂಚೆ, ನಮ್ಮ ಆಪರೇಟರ್ ಅಣ್ಣ ಖಾಲಿ ಚಿತ್ರಮಂದಿರದ ನಟ್ಟನಡುವೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಕಣ್ಣು ಮುಚ್ಚಿ, ಗದ್ದ ಎತ್ತಿ, ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ಆರ್.ಟಿ. ನಗರದ ಆ ಹಳೆಯ ಚಿತ್ರಮಂದಿರದಲ್ಲಿ ನಾನು ಟಿಕೆಟ್ ಕೌಂಟರಿನಲ್ಲಿದ್ದೆ. ಗೋಡೆಗಳುದ್ದಕ್ಕೂ ಇದ್ದ ಸ್ಪೀಕರುಗಳು ಬರೀ ಅಲಂಕಾರಕ್ಕೆ ಅಂದುಕೊಂಡಿದ್ದವಳು. "ಅಷ್ಟೊಂದು ಯಾಕಣ್ಣ, ಮುಂದೆ ಎರಡಿದ್ರೆ ಸಾಲ್ದಾ?" ಎಂದು ಕೇಳಿದ್ದಕ್ಕೆ ನನ್ನನ್ನು ನಡುವಿನ ಸೀಟಿನಲ್ಲಿ ಕೂರಿಸಿ ಒಂದು ದೃಶ್ಯ ಹಾಕಿದರು. ಪರದೆಯಲ್ಲಿ ಒಬ್ಬಳು ಅನ್ನ ಬಸಿಯುತ್ತಿದ್ದಳು. ನನ್ನ ಬೆನ್ನ ಹಿಂದೆ ಬಾಗಿಲು ಕಿರ್ ಎಂದಿತು, ಯಾರೋ ಬಲಗೋಡೆಯ ಪಕ್ಕದಲ್ಲೇ ನಡೆದು ಬಂದರು. ತಿರುಗಿಯೇ ಬಿಟ್ಟೆ. ಯಾರೂ ಇರಲಿಲ್ಲ. ಅಣ್ಣ ಮೇಲಿನ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಇಣುಕಿ ನಗುತ್ತಿದ್ದರು.

"ಕಣ್ಣಿಗೆ ಮುಂದಿರೋದು ಮಾತ್ರ ಕಾಣೋದು ಕಣಮ್ಮ. ಆ ಮನೆ ಒಳಗೆ ನೀನೂ ಇದೀಯ ಅನ್ಸೋದು ಈ ಗೋಡೆ ಸ್ಪೀಕರಿಂದ."

ಅಂದಿನಿಂದ ಶುಕ್ರವಾರ ಅವರು ಸದ್ದು ಹೊಂದಿಸುವಾಗ ನಾನೂ ಹೋಗತೊಡಗಿದೆ. ಎಡಗೋಡೆ, ಬಲಗೋಡೆ, ಹಿಂದಿನ ಸಾಲು ಎಂದು ನನ್ನನ್ನು ಓಡಾಡಿಸಿ, ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಎಂದು ಕೇಳಿ ಕೇಳಿ ಕಲಿಸಿದರು. ತಪ್ಪು ಹೇಳಿದರೆ, "ಕಿವಿ ಮನೇಲಿ ಬಿಟ್ ಬಂದ್ಯಾ?" ಎಂದು ರೇಗಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ಬಲಗಡೆಯ ಸದ್ದು ವಾರ ವಾರಕ್ಕೂ ಏರತೊಡಗಿತು. ಅಣ್ಣ ಫೋನನ್ನು ಎಡಗಿವಿಗೇ ಹಿಡಿಯುತ್ತಿದ್ದರು. ಬಲಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ನನಗೆ ವಿಷಯ ತಿಳಿಯಿತು. ಅವರಿಗೂ ಅನುಮಾನವಿತ್ತೆಂದು ಕಾಣುತ್ತದೆ.

"ಬಲಗಡೆ ಸಣ್ಣಗೆ ಕೇಳ್ತಿತ್ತು, ಜಾಸ್ತಿ ಮಾಡಿದೀನಿ. ಈಗ ಎರಡೂ ಕಡೆ ಸಮ ಇದ್ಯಾ? ನಿಜ ಹೇಳು," ಎಂದರು ಒಂದು ಶುಕ್ರವಾರ.

ಬಲಗೋಡೆಯ ಪಕ್ಕ ನಿಂತಿದ್ದ ನನಗೆ ತಲೆ ಸಿಡಿಯುತ್ತಿತ್ತು. ನಿಮ್ಮ ಕಿವಿ ಮಂದವಾಗಿದೆ ಎಂದು ಅವರ ಮುಖ ನೋಡಿಕೊಂಡು ಹೇಳಲು ನನ್ನಿಂದಾಗಲಿಲ್ಲ. "ಸಮ ಇದೆ ಅಣ್ಣ" ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಆಮೇಲೆ ಅಭ್ಯಾಸವಾಗಿಹೋಯಿತು.

ಜನ ಸುಮ್ಮನಿರುತ್ತಾರೆಯೇ? ಬಲಗಡೆ ಕೂತವರು ದೂರು ಕೊಟ್ಟರು. ಒಬ್ಬ ತಾಯಿ ಬೆಚ್ಚಿಬಿದ್ದು ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಕೌಂಟರಿಗೇ ಬಂದು ನನಗೆ ಬೈದು ಹೋದಳು. ಮಾಲೀಕರು ಕಾರಣ ಏನು ಎತ್ತ ಎಂದು ವಿಚಾರಿಸಲೂ ಇಲ್ಲ. "ಈ ಗೋಡೆ ಸ್ಪೀಕರ್ ಸಹವಾಸನೇ ಬೇಡ, ಮುಂದಿಂದು ಸಾಕು" ಎಂದು ಅಷ್ಟನ್ನೂ ಆಫ್ ಮಾಡಿಸಿಬಿಟ್ಟರು.

ಅಣ್ಣ ಕೆಳಗಿಳಿದು ನೇರ ನನ್ನ ಹತ್ತಿರ ಬಂದರು. ಆಗ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ.

"ನನ್ ಕಿವಿ ಹೋದ್ರೆ ಹೋಗ್ಲಿ. ಮೊದ್ಲೇ ಹೇಳಿದ್ರೆ ನಿನ್ ಕಿವಿ ನಂಬ್ಕೊಂಡು ಸರಿ ಮಾಡ್ತಿದ್ದೆ. ನಿಂಗೆ ಕಲ್ಸಿದ್ದು ಮತ್ತೆ ಯಾಕಮ್ಮ?"

ಆ ತಿಂಗಳೇ ಕೆಲಸ ಬಿಟ್ಟು ವಿದ್ಯಾರಣ್ಯಪುರದ ಮಗಳ ಮನೆಗೆ ಹೋದರು. ಎರಡು ಸಲ ನೋಡಲು ಹೋಗಿದ್ದೆ. ಕಾಫಿ ಕೊಡಿಸಿದರು, ಊರ ಸುದ್ದಿಯೆಲ್ಲ ಆಡಿದರು, ಸಿನಿಮಾ ಮಾತೆತ್ತಲಿಲ್ಲ. ಹೋದ ವರ್ಷ ತೀರಿಕೊಂಡರು.

ಸಾವಿನ ಮನೆಯಲ್ಲಿ ನಾನು ಯಾರೆಂದು ನೆಂಟರು ಕೇಳಿದಾಗ ಅವರ ಮಗಳು ನನ್ನ ಕೈ ಹಿಡಿದುಕೊಂಡಳು. "ಇವ್ರೇ ನೋಡಿ, 'ನನಗಿಂತ ಚೆನ್ನಾಗಿ ಸದ್ದು ಗುರುತಿಸ್ತಾಳೆ' ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ದಿದ್ದು."

ನಾನು ಸುಳ್ಳು ಹೇಳಿದ್ದನ್ನು ಅಣ್ಣ ಮನೆಯಲ್ಲಿ ಯಾರಿಗೂ ಹೇಳಿರಲೇ ಇಲ್ಲ. ನಾನೂ ಹೇಳಲಿಲ್ಲ.