ಬೆಳ್ಳುಳ್ಳಿ ಎಸೆಯುತ್ತಿದ್ದ ಮಾವಶಿ

ಮೊನ್ನೆ ನಮ್ಮ ಓಣಿಯ ಮೂಲೆಯಲ್ಲಿರುವ ತಂಬಾಕಿನ ವಖಾರಿಗೆ ಹೊಸ ಮಾಲು ಬಂತು. ಹಮಾಲರು ಲಾರಿಯಿಂದ ಚೀಲ ಇಳಿಸುತ್ತಿದ್ದರು. ಆ ಘಾಟು ಗಾಳಿಯ ಜೊತೆ ಬಂದು ಅಡುಗೆಮನೆಯ ಕಿಟಕಿಯೊಳಗೆ ನುಗ್ಗಿತು. ಚಪಾತಿ ಲಟ್ಟಿಸುತ್ತಿದ್ದ ನನಗೆ ಸೀನಿನ ಮೇಲೆ ಸೀನು, ಕಣ್ಣು ಮೂಗಿನಲ್ಲೆಲ್ಲ ನೀರು. ಬೇರೆ ಯಾರಾದರೂ ಆಗಿದ್ದರೆ ವಖಾರಿಯವರಿಗೆ ಶಾಪ ಹಾಕಿ ಕಿಟಕಿ ಮುಚ್ಚುತ್ತಿದ್ದರು. ನನಗೆ ಮಾತ್ರ ಸಮಾಧಾನವಾಯಿತು. ವಾಸನೆ ಬರುತ್ತಿದೆ, ಮೂಗು ನೆಟ್ಟಗಿದೆ ಎಂದುಕೊಂಡೆ. ಆ ಸಮಾಧಾನದ ಬೆನ್ನಿಗೇ ಹಳೆಯ ಹೆದರಿಕೆ ಬಂತು, ಹೆದರಿಕೆಯ ಹಿಂದೆ ಎದುರುಮನೆಯ ಮಾವಶಿ ನೆನಪಿಗೆ ಬಂದರು...

ಮಾವಶಿ ಅಂದರೆ ನನ್ನ ತಾಯಿಯ ತಂಗಿಯೇನಲ್ಲ. ನಿಪ್ಪಾಣಿಯ ನಮ್ಮ ಓಣಿಗೆಲ್ಲ ಅವರು ಮಾವಶಿಯೇ. ವಖಾರಿಯಲ್ಲಿ ತಂಬಾಕು ಸೋಸಿ ಚೀಲ ತುಂಬುವ ಕೆಲಸ ಮಾಡುತ್ತಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಗಳನ್ನು ಬೇಡಕಿಹಾಳಕ್ಕೆ ಕೊಟ್ಟಿದ್ದರು. ಬೆರಳ ತುದಿಗಳು ಎಷ್ಟು ತೊಳೆದರೂ ಕಂದು ಬಣ್ಣ. ಧೂಳಿಗೆಂದು ಮೂಗಿಗೆ ಕಟ್ಟಿದ ಅರಿವೆಯನ್ನು ಮನೆಗೆ ಬಂದಮೇಲೂ ಬಿಚ್ಚುವುದು ಮರೆಯುತ್ತಿದ್ದರು. ಎಲ್ಲರೂ ಮಾಸ್ಕ್ ಹಾಕಿಕೊಳ್ಳಬೇಕೆಂದು ಪುರಸಭೆಯ ಗಾಡಿ ಕೂಗಿಕೊಂಡು ಹೋದ ದಿನ ಅವರು ಕಟ್ಟೆಯ ಮೇಲೆ ಕುಳಿತು ನಕ್ಕಿದ್ದರು. "ನಾವು ಹುಟ್ಟಿದಾಗಿಂದ ಹಾಕ್ಕೊಂಡೇವಿ. ಸರಕಾರಕ್ಕ ಈಗ ಬುದ್ಧಿ ಬಂತು ನೋಡ್ರಿ."

ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ರಾಯಬಾಗ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು, ಹೀಗಾಗಿ ಮರಾಠಿಯಲ್ಲಿ ಸೂನಬಾಯಿ. ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹೊಡೆದುಕೊಳ್ಳುತ್ತದೆ. ಅಂಥವಳಿಗೆ ಕೊರೊನಾದ ಆ ಎರಡನೆಯ ಅಲೆಯ ಬೇಸಿಗೆ ಹೇಗೆ ಕಳೆದಿರಬೇಕು, ನೀವೇ ಊಹಿಸಿ. ಹೆದ್ದಾರಿಯಲ್ಲಿ ಅಂಬ್ಯುಲೆನ್ಸ್ ಕೂಗಿದರೆ ಕೂಸನ್ನು ಅವುಚಿಕೊಂಡು ಮೂಲೆಗೆ ಹೋಗಿ ಕೂತುಬಿಡುತ್ತಿದ್ದೆ. ಫೋನ್ ಬಂದರೆ ಎತ್ತಲು ಭಯ, ಬರದಿದ್ದರೆ ಇನ್ನೂ ಭಯ. ಇವತ್ತು ಅವರಂತೆ, ನಿನ್ನೆ ಇವರಂತೆ... ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ.

ವಖಾರಿ ಮುಚ್ಚಿದಾಗ ಅಲ್ಲಿ ದುಡಿಯುತ್ತಿದ್ದ ಹೆಂಗಸರು ಸುಮ್ಮನೆ ಕೂರಲಿಲ್ಲ. ರೋಗ ಬಂದು ಬಾಗಿಲಿಗೆ ಪುರಸಭೆಯ ಪಟ್ಟಿ ಕಟ್ಟಿಸಿಕೊಂಡು ಒಳಗೆ ಬಿದ್ದಿದ್ದ ಮನೆಗಳಿಗೆ ರೊಟ್ಟಿ ಬಡಿದುಕೊಡಲು ಶುರುಮಾಡಿದರು. ಒಬ್ಬರು ಝುಣಕ, ಒಬ್ಬರು ಸಾರು. ಗಣಪತಿ ಮಂಡಳದ ಹುಡುಗರು ಔಷಧಿ, ನೀರಿನ ಕ್ಯಾನು ತಂದಿಡುತ್ತಿದ್ದರು. ಯಾರೂ ಸಭೆ ಕರೆಯಲಿಲ್ಲ, ಯಾರಿಗೂ ಶಾಲು ಹೊದಿಸಲಿಲ್ಲ. ಮಾವಶಿ ತಮಗೆ ತಾವೇ ಇನ್ನೊಂದು ಕೆಲಸ ಹಚ್ಚಿಕೊಂಡರು. ಈ ರೋಗ ಬಂದರೆ ಮೊದಲು ವಾಸನೆ ಹೋಗುತ್ತದೆಂದು ಎಲ್ಲೋ ಕೇಳಿದ್ದರು. ದಿನಾ ಬೆಳಿಗ್ಗೆ ಓಣಿಯ ಮೂಗು ಪರೀಕ್ಷೆ ಮಾಡುವ ಕೆಲಸ ಅದು.

ಮೊದಲ ದಿನ ಅವರು ತಂದದ್ದು ಜರ್ದಾ, ಅಂದರೆ ತಂಬಾಕಿನ ಪುಡಿ. ವಖಾರಿಯವರ ಕೈಗೆ ಸುಲಭವಾಗಿ ಸಿಗುವುದು ಅದೇ ತಾನೆ? ಕಾಗದದ ಚೂರಿನಲ್ಲಿ ಚಿಟಿಕೆ ಚಿಟಿಕೆ ಹಾಕಿ ಮನೆಮನೆಯ ಕಟ್ಟೆಯ ಮೇಲಿಟ್ಟು, ದೂರ ನಿಂತು, ಮೂಸಿ ನೋಡಿರೆಂದರು. ಮೊದಲ ಮನೆಯವರು ಇಲ್ಲವೆಂದು ತಲೆಯಾಡಿಸಿದರು. ಎರಡನೆಯವರೂ ಇಲ್ಲ. ಕಿರಾಣಿ ಅಂಗಡಿಯ ಅಜ್ಜ ಮತ್ತೆ ಮತ್ತೆ ಮೂಸಿ, ಕಟ್ಟೆಯ ಮೇಲೇ ಕುಸಿದರು. "ಬರವಲ್ತು ಬೇ, ಏನೂ ಬರವಲ್ತು. ಪುಣೆದಾಗಿನ ಹುಡುಗರಿಗೆ ಫೋನ್ ಹಚ್ಚ." ಅಜ್ಜಿ ಅಲ್ಲೇ ಅಳಲು ಶುರುಮಾಡಿದರು. ಅರ್ಧ ಓಣಿಗೆ ವಾಸನೆ ಇಲ್ಲ! ಆಮೇಲೆ ನನ್ನ ಸರದಿ. ಆದರೆ ಕಾಗದ ಮೂಗಿನ ಹತ್ತಿರ ತಂದದ್ದೇ ತಡ, ಓಣಿ ಅದುರುವಂತೆ ಸೀನಿದೆ.

ಹಿಟ್ಟಿನ ಗಿರಣಿಯ ಕಾಕಾ ಮೊದಲು ನಕ್ಕವರು. "ಅಯ್ಯ, ಈ ಊರಾಗ ಹುಟ್ಟಿದವ್ರಿಗೆ ಜರ್ದಾದ ವಾಸನಿ ಯಾವಾಗರೆ ಬಂದೈತೇನ್ರಿ? ಆಕಿ ಹೊರಗಿನಾಕಿ, ಅದಕ್ಕ ಸೀನ್ಯಾಳ!" ಆಮೇಲೆ ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಅಜ್ಜ ಎದ್ದು ಧೋತರ ಕೊಡವಿಕೊಂಡು ಚಹಾ ಕೇಳಿದರು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವಶಿ. ಎಷ್ಟೋ ದಿನಗಳ ಮೇಲೆ ನಮ್ಮ ಓಣಿಯಲ್ಲಿ ನಗು ಕೇಳಿಸಿತ್ತು.

ಮರುದಿನದಿಂದ ಬೆಳ್ಳುಳ್ಳಿ. ಉಡಿಯಲ್ಲಿ ಎಸಳುಗಳನ್ನು ತುಂಬಿಕೊಂಡು ಬರುವುದು, ರಸ್ತೆಯ ಮೇಲೆ ನಿಂತು ಅಂಗಳಕ್ಕೊಂದು ಎಸೆಯುವುದು. ನಾವು ಅದನ್ನು ಜಜ್ಜಿ ಮೂಸಿ ಉತ್ತರ ಹೇಳಬೇಕು. ಬಸ್ತಿಯ ಪಕ್ಕದ ಜೈನರ ಮನೆಗಳಿಗೆ ಬೆಳ್ಳುಳ್ಳಿ ನಡೆಯದು, ಅಲ್ಲಿಗೆ ಲವಂಗ. ಒಮ್ಮೆ ಕೈತಪ್ಪಿ ಅಲ್ಲೊಂದು ಎಸಳು ಬಿತ್ತು. ಆ ಮನೆಯ ಯಜಮಾನರು ಚಿಮಟಿಗೆಯಿಂದ ಎತ್ತಿ ಹೊರಗೆ ಹಾಕುತ್ತ, "ಮಾವಶಿ, ರೋಗ ಬಂದ್ರ ಒಪ್ಪತೈತಿ, ಇದು ಒಪ್ಪೂದಿಲ್ರಿ" ಅಂದಿದ್ದರು. ವಾಸನೆ ಬಂತೆಂದು ಹೇಳಿದವರಿಗೆ ಮಾವಶಿಯದು ಒಂದೇ ಆಶೀರ್ವಾದ. "ಹಂಗಾರ ಇವತ್ತಿನ ದಿನ ನಿಂದ." ಯಾರಾದರೂ ಬೆಳಿಗ್ಗೆಯೇ ಸಾವಿನ ಸುದ್ದಿ ತೆಗೆದರೆ ಗದರಿಸುತ್ತಿದ್ದರು. "ಅದನ್ನ ಸಂಜಿಗೆ ಹೇಳ. ಮುಂಜಾನೆ ಮಂದಿ ರೊಟ್ಟಿ ತಿನ್ನಬೇಕು."

ಇಂಥ ದಿನಗಳಲ್ಲೇ ನನ್ನ ಗಂಡನಿಗೆ ಜ್ವರ ಬಂತು. ಎರಡು ದಿನ ಮಾತ್ರೆಯ ಮೇಲಿದ್ದರು. ಆಮೇಲೆ ಉಸಿರಾಡಲು ಒದ್ದಾಡತೊಡಗಿದರು. ಕೊಲ್ಲಾಪುರದಲ್ಲಿ ಒಂದು ಹಾಸಿಗೆ ಖಾಲಿ ಇದೆಯೆಂದು ಮಂಡಳದ ಹುಡುಗರು ಪತ್ತೆಹಚ್ಚಿ ಅಂಬ್ಯುಲೆನ್ಸ್ ಕರೆಸಿದರು. ಮಹಾರಾಷ್ಟ್ರದ ಗಡಿಯ ನಾಕಾದಲ್ಲಿ ರೋಗಿಯನ್ನು ಬಿಡುತ್ತಾರೆ, ಜೊತೆಯವರನ್ನು ಬಿಡುವುದಿಲ್ಲವೆಂದು ಗಾಡಿಯವನು ಹೇಳಿದ. ಹೀಗಾಗಿ ಅವರು ಒಬ್ಬರೇ ಹೋದರು. ನಾನು ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಅತ್ತೆ ಮಾವ ಇಲ್ಲ. ಕುಡಚಿಯ ಕಡೆಯ ನನ್ನ ತವರಿನಲ್ಲಿ ಅವ್ವ, ಅಣ್ಣ ಎಲ್ಲರೂ ಅದೇ ಜ್ವರದಲ್ಲಿ ಮಲಗಿದ್ದರು.

ಆಮೇಲೆ ಒಂದು ಬೆಳಿಗ್ಗೆ... ಬೆಳ್ಳುಳ್ಳಿ ಅಂಗಳಕ್ಕೆ ಬಿದ್ದ ಸಪ್ಪಳ ಕೇಳಿ ಹೊರಗೆ ಬಂದೆ. ಎತ್ತಿ ಜಜ್ಜಿದೆ, ಮೂಸಿದೆ. ಏನೂ ಇಲ್ಲ. ಇನ್ನೊಮ್ಮೆ ಜಜ್ಜಿ ಮೂಗಿಗೆ ಒತ್ತಿಕೊಂಡೆ. ಕಣ್ಣು ಉರಿಯಿತು, ವಾಸನೆ ಬರಲಿಲ್ಲ. ಓಡಿಹೋಗಿ ಸೀಮೆಎಣ್ಣೆಯ ಡಬ್ಬಿ ತೆಗೆದೆ, ಇಂಗಿನ ಡಬ್ಬಿ ತೆಗೆದೆ. ಜಗತ್ತಿನ ಬಾಗಿಲು ಯಾರೋ ಹೊರಗಿನಿಂದ ಹಾಕಿಕೊಂಡ ಹಾಗಿತ್ತು. ಸಾಯುವ ಭಯ ಆಮೇಲೆ ಬಂತು. ಮೊದಲು ಬಂದದ್ದು ಒಂದೇ ಪ್ರಶ್ನೆ. ನನ್ನನ್ನು ಒಯ್ದರೆ ಈ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ?

"ಏ ಸೂನಬಾಯಿ, ವಾಸನಿ ಬಂತೇನ ಬೇ?" ರಸ್ತೆಯಿಂದ ಮಾವಶಿ ಕೂಗಿದರು. ಮತ್ತೆ ಹೊರಗೆ ಬಂದೆ. ಅಂಗಳದಲ್ಲೇ ಕುಳಿತು ಅತ್ತುಬಿಟ್ಟೆ. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ತಪ್ಪು ಅವರದಲ್ಲ, ನಾನಾಗಿದ್ದರೆ ಎಲ್ಲರಿಗಿಂತ ಮೊದಲು ಮುಚ್ಚುತ್ತಿದ್ದೆ. ಮಾವಶಿ ಮಾತ್ರ ಉಡಿಯಲ್ಲಿದ್ದ ಬೆಳ್ಳುಳ್ಳಿಯನ್ನು ಕಟ್ಟೆಯ ಮೇಲೆ ಸುರಿದು, ಮೂಗಿನ ಅರಿವೆಯನ್ನು ಬಿಗಿಮಾಡಿಕೊಂಡು, ಗೇಟು ತೆಗೆದು ಒಳಗೆ ಬಂದರು.

"ಬರಬ್ಯಾಡ್ರಿ ಮಾವಶಿ! ನಿಮಗೂ ಹತ್ತತೈತಿ."

"ಹತ್ತಿದ್ರ ಹತ್ತಲಿ. ಕೂಸಿನ್ನ ಈ ಕಡೆ ತಾ."

ಮರುದಿನ ಆಶಾ ಕಾರ್ಯಕರ್ತೆ ಬಂದು ಗಂಟಲು ದ್ರವ ತೆಗೆದುಕೊಂಡು ಹೋದರು. ರೋಗ ಇದೆಯೆಂದು ಫಲಿತಾಂಶ ಬಂತು. ಉಸಿರಿಗೆ ತೊಂದರೆಯಾದರೆ ಮಾತ್ರ ಆಸ್ಪತ್ರೆ, ಇಲ್ಲವಾದರೆ ಮನೆಯಲ್ಲೇ ಇರಿ ಅಂದರು. ಕೂಸಿಗೂ ನನಗೂ ನಡುವೆ ಓಡಾಡುವ ಒಬ್ಬರು ಬೇಕಾಗಿತ್ತು, ಮಾವಶಿ ನಮ್ಮ ಮನೆಯಲ್ಲೇ ಉಳಿದರು. ನಾನು ಮುಖಕ್ಕೆ ಎರಡು ಪದರು ಅರಿವೆ ಕಟ್ಟಿಕೊಂಡ ಮೇಲೆ ಹಾಲು ಕುಡಿಸಲು ಕೂಸನ್ನು ತಂದುಕೊಡುವರು, ಕುಡಿದ ಕೂಡಲೇ ಎತ್ತಿಕೊಂಡು ಹೋಗುವರು. ರವೆಯ ಗಂಜಿ ತಿನ್ನಿಸುತ್ತ ಅದಕ್ಕೆ ಮರಾಠಿಯಲ್ಲಿ ಬೈಯುವರು, ಕನ್ನಡದಲ್ಲಿ ಮುದ್ದು ಮಾಡುವರು. ಬೆಳಗಿನ ಬೆಳ್ಳುಳ್ಳಿಯನ್ನು ಬಿಡಲಿಲ್ಲ. ನಮ್ಮ ಗೇಟಿನಲ್ಲೇ ನಿಂತು, ಎಸೆಯುವಷ್ಟು ದೂರ ಎಸೆದು, ಆಚೆಯ ಮನೆಗಳನ್ನು ಕೂಗಿ ವಿಚಾರಿಸುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಮಲಗಿ ಅವರ ದನಿ ಕೇಳುತ್ತಿದ್ದೆ. ಎದೆಯೊಳಗೆ ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನು ಕಾವಲು ಕಾಯುತ್ತಿದ್ದೆ. ಕಣ್ಣು ಮುಚ್ಚಿದರೆ ತೆರೆಯುವುದಿಲ್ಲವೇನೋ ಎಂಬ ಭಯಕ್ಕೆ ನಿದ್ದೆಯನ್ನೂ ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೋಣೆಯ ಬಾಗಿಲಲ್ಲಿ ಹೊಗೆ ಕಂಡಿತು. ಎದ್ದು ನೋಡಿದರೆ, ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆ ಹೊತ್ತಿ ಕರ್ರಗಾಗಿದೆ. ಒಲೆಗೆ ಬೆನ್ನುಮಾಡಿ ನೆಲದ ಮೇಲೆ ಕುಳಿತ ಮಾವಶಿ ಕೂಸಿನ ಕಾಲು ತಿಕ್ಕುತ್ತಿದ್ದಾರೆ! ಚೀರಿದೆ. ಅವರು ತಿರುಗಿ ನೋಡಿ, ಗಡಬಡಿಸಿ ಗ್ಯಾಸ್ ಆರಿಸಿದರು. ಅಷ್ಟು ಹತ್ತಿರ ಕುಳಿತವರಿಗೆ ಹಾಲು ಹೊತ್ತಿದ್ದು ಗೊತ್ತಾಗಿಲ್ಲ.

"ಮಾವಶಿ... ನಿಮಗೂ ವಾಸನಿ ಹೋಗೈತಿ."

"ಸಾವಕಾಶ ಮಾತಾಡ ಬೇ, ಓಣಿಗೆ ಕೇಳಿಸೀತು," ಅಂದರು. ಪಾತ್ರೆಯನ್ನು ನೀರಿನಲ್ಲಿ ನೆನೆಹಾಕಿ ಬಂದು ಬಾಗಿಲಿನಾಚೆ ಕುಳಿತರು. "ಈಗ ಹೋಗಿದ್ದಲ್ಲ. ಭಾಳ ವರ್ಸ ಆತು. ಧೂಳು ಕುಡದು ಕುಡದು ಮೂಗು ಸತ್ತೈತಿ. ನನಗ ಜರ್ದಾನೂ ಒಂದ, ಬೆಳ್ಳೊಳ್ಳಿನೂ ಒಂದ."

"ಮತ್ತ ಮನಿ ಮನಿಗೆ ಹೋಗಿ ಕೇಳ್ತೀರಲ್ರಿ?"

"ನನ್ನ ಮೂಗು ತಗೊಂಡ ಏನ್ ಮಾಡೂದು? ನಿಮ್ಮ ಮೂಗು ಅದಾವಲ್ಲ."

"ನಿಮಗ ರೋಗ ಬಂದ್ರ ಹೆಂಗ ಗೊತ್ತಾಗತೈತ್ರಿ?"

"ಗೊತ್ತಾಗೂದಿಲ್ಲ. ಅದಕ್ಕ ನನಗ ಹೆದರಿಕಿ ಇಲ್ಲ," ಎಂದು ನಕ್ಕರು. ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಆಮೇಲೆ, ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಹೇಳಿದರು. "ಸುಳ್ಳ ಹೇಳಿದ್ನಿ ಬೇ. ಹೆದರಿಕಿ ಬರತೈತಿ. ದಿನಾ ಏಳೂದ್ರಾಗ ಎದಿ ಮ್ಯಾಲ ಕುಂತಿರತೈತಿ. ಓಣ್ಯಾಗ ನಾಕ್ ಮಂದಿ ವಾಸನಿ ಬಂತು ಅಂದ್ರ ಇಳೀತೈತಿ."

ಇಡೀ ಓಣಿಗೆ ಧೈರ್ಯ ಹಂಚುತ್ತಾರೆಂದು ನಾವು ತಿಳಿದಿದ್ದೆವು. ಅವರು ದಿನಾ ಬೆಳಿಗ್ಗೆ ನಮ್ಮಿಂದ ಅದನ್ನು ಕೇಳಿ ಪಡೆಯಲು ಬರುತ್ತಿದ್ದರು. ಇದು ತಿಳಿದಮೇಲೆ ನನಗೇಕೋ ಜೀವ ಹಗುರಾಯಿತು. ನನ್ನಷ್ಟೇ ಹೆದರಿದವರೊಬ್ಬರು ನನ್ನ ಕೂಸನ್ನು ಎತ್ತಿಕೊಂಡಿದ್ದಾರೆ ಎಂದುಕೊಂಡೆ. ಅವತ್ತು ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ.

ಜ್ವರ ಇಳಿಯಿತು. ಕೊಲ್ಲಾಪುರದಿಂದ ಗಂಡನ ಫೋನ್ ಬಂತು, ಆಕ್ಸಿಜನ್ ತೆಗೆದಿದ್ದಾರೆ, ಗಂಜಿ ಕುಡಿದೆ ಎಂದರು. ನಾನು ಎದ್ದು ರೊಟ್ಟಿ ಬಡಿಯುವಂತಾದಾಗ ಮಾವಶಿ ಹಾಸಿಗೆ ಸುತ್ತಿಕೊಂಡು ತಮ್ಮ ಮನೆಗೆ ಹೋದರು. ಆಗಲೇ ಅವರಿಗೆ ಕೆಮ್ಮಿತ್ತು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವಖಾರಿಯ ಹೆಂಗಸರು ಕೆಮ್ಮದೆ ಇದ್ದ ದಿನ ಯಾವುದಿತ್ತು? ಕೇಳಿದರೆ ಅವರೂ ಧೂಳಿನ ಕೆಮ್ಮು ಅಂದರು. ವಾಸನೆ ಹೋಗಿ ಎಚ್ಚರಿಸಲು ಅವರಿಗೆ ವಾಸನೆಯೇ ಇರಲಿಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ. ಬೇಡಬೇಡವೆಂದರೂ ಕೇಳದೆ ಆಶಾ ಕಾರ್ಯಕರ್ತೆಯನ್ನು ಕರೆಸಿದೆ. ಬೆರಳಿಗೆ ಹಾಕುವ ಯಂತ್ರದಲ್ಲಿ ಆಕ್ಸಿಜನ್ ಅಂಕಿ ನೋಡಿದ ಆಕೆ ಕೂಡಲೇ ಅಂಬ್ಯುಲೆನ್ಸಿಗೆ ಫೋನ್ ಮಾಡಿದರು.

ಅಂಬ್ಯುಲೆನ್ಸ್ ಬಂದಾಗ ಓಣಿಯ ಬಾಗಿಲುಗಳೆಲ್ಲ ತೆರೆದೇ ಇದ್ದವು. ಮಾವಶಿ ತಾವೇ ನಡೆದು ಬಂದು ಹತ್ತಿದರು. ಕುಳಿತವರು ಕೂಸಿನ ಕಡೆ ನೋಡಿ ನನ್ನನ್ನು ಕರೆದರು. "ನಿನಗ ವಾಸನಿ ಬಂತೇನ ಇನ್ನ?"

"ಇಲ್ರಿ."

"ಬಂದ ಮ್ಯಾಲ ಒಂದ ನೋಡಿ ಹೇಳ. ಕೂಸಿನ ನೆತ್ತಿ ವಾಸನಿ ಹೆಂಗಿರತೈತಿ ಅಂತ. ಇಷ್ಟ ದಿನ ತೊಡಿ ಮ್ಯಾಲ ಇಟ್ಕೊಂಡ ಕುಂತ್ನಿ, ಏನೂ ತಿಳೀಲಿಲ್ಲ. ನಮ್ಮ ಹುಡುಗಿದೂ ಮರತ ಹೋಗೈತಿ." ಬಾಗಿಲು ಹಾಕಿದರು. ಹೆದರಿಕೆಯಾಗುತ್ತಿದೆಯೇ ಎಂದು ಕೇಳಬೇಕೆಂದಿದ್ದೆ. ಗಾಡಿ ಹೊರಟುಬಿಟ್ಟಿತು.

ಅವರು ಮರಳಿ ಬರಲಿಲ್ಲ. ಬೇಡಕಿಹಾಳದ ಮಗಳಿಗೆ ಆಸ್ಪತ್ರೆಯವರು ಫೋನಿನಲ್ಲಿ ತಿಳಿಸಿದರಂತೆ. ಮುಖ ನೋಡಲೂ ಸಿಗಲಿಲ್ಲವೆಂದು ಆಕೆ ಅತ್ತಳು. ಮರುದಿನ ಬೆಳಿಗ್ಗೆ ಯಾರೂ ಕರೆಯದಿದ್ದರೂ ಓಣಿಯವರೆಲ್ಲ ತಂತಮ್ಮ ಅಂಗಳಕ್ಕೆ ಬಂದು ನಿಂತಿದ್ದರು. ಕಿರಾಣಿ ಅಂಗಡಿಯ ಅಜ್ಜ ನಿಂತೇ ಇದ್ದರು, ಬಿಸಿಲು ಏರುವವರೆಗೂ... ರೋಗ ಮಾವಶಿಗೆ ನನ್ನಿಂದ ಬಂತೋ, ಬೇರೆ ಮನೆಯಿಂದ ಬಂತೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದು ಬೇಡವೆಂದು ದೇವರನ್ನು ಬೇಡಿಕೊಂಡಿದ್ದೇನೆ.

ನನ್ನ ವಾಸನೆ ಮರಳಿದ್ದು ಅದಾದ ಮೇಲೆ, ಗಂಡ ಮನೆಗೆ ಬಂದ ವಾರದಲ್ಲಿ. ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದೆ. ನೆತ್ತಿಯಿಂದ ಸಣ್ಣಗೆ ಏನೋ ಬಂತು. ಗಡಿಬಿಡಿಯಿಂದ ಹೊರಗೆ ಹೋಗಿ, ರಸ್ತೆ ದಾಟಿ, ಎದುರುಮನೆಯ ಮೆಟ್ಟಿಲು ಹತ್ತಿದ ಮೇಲೆಯೇ ಅಲ್ಲಿ ಬೀಗವಿದ್ದದ್ದು ನೆನಪಾದದ್ದು.

ಈಗ ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದಾರೆ. ನನ್ನ ಮಗಳು ಶಾಲೆಗೆ ಹೋಗುತ್ತಾಳೆ. ಅವಳಿಗೆ ಮಾವಶಿಯ ನೆನಪಿಲ್ಲ, ಇರುವ ವಯಸ್ಸೂ ಆಗಿರಲಿಲ್ಲ. ನನ್ನ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ದಿನಾ ಬೆಳಿಗ್ಗೆ ಅವಳ ಜಡೆ ಹೆಣೆಯುವ ಮುಂಚೆ ನೆತ್ತಿಗೆ ಮೂಗಿಟ್ಟು ಉಸಿರು ಎಳೆದುಕೊಳ್ಳುತ್ತೇನೆ. "ಸಾಕ ಬಿಡ ಅವ್ವಾ, ಬಸ್ ಬರತೈತಿ," ಎಂದು ಕೊಸರಿಕೊಳ್ಳುತ್ತಾಳೆ. ಇವತ್ತೂ ಹಾಗೇ ಆಯಿತು.

ಕೊಬ್ಬರಿ ಎಣ್ಣೆ, ಸ್ವಲ್ಪ ಬೆವರು, ಅದರ ಕೆಳಗೆ ಬೆಚ್ಚಗಿನ ಹಾಲಿನಂಥದ್ದು ಇನ್ನೇನೋ. ಇಷ್ಟೇ ಮಾವಶಿ, ದೊಡ್ಡದೇನೂ ಅಲ್ಲ. ಇಷ್ಟನ್ನು ಕೇಳಿಸಿಕೊಳ್ಳುವವರೆಗಾದರೂ ನೀವು ಇರಬೇಕಿತ್ತು.